ಕರಾವಳಿಯ ದ್ರವ್ಯಗಳೂ ಅವುಗಳ ಲೆಕ್ಕಪತ್ರವೂ



ಕಟಪಾಡಿಯಿಂದ ಪಶ್ಚಿಮಕ್ಕೆ ತಿರುಗಿ, ಹೊಳೆಯನ್ನು ದಾಟಿ, ಕಡಲಿಗೂ ಹೊಳೆಗೂ ನಡುವಣ ಮರಳುನೆಲದ ಮಟ್ಟು ಗ್ರಾಮವನ್ನು ಕಂಡವರಿಗೆ ಅಲ್ಲಿಯ ಗುಳ್ಳದ ಪರಿಚಯವನ್ನು ನಾನು ಹೊಸದಾಗಿ ಮಾಡಿಕೊಡಬೇಕಾದ ಅಗತ್ಯವಿಲ್ಲ. ಸೋದೆಯ ವಾದಿರಾಜ ಯತಿಗಳು ಬೀಜವನ್ನು ಅನುಗ್ರಹಿಸಿದರೆಂಬ ಐತಿಹ್ಯವುಳ್ಳ, ಉಡುಪಿಯ ಕೃಷ್ಣಮಠದ ಪಾಕಶಾಲೆಯಲ್ಲಿ ಇಂದಿಗೂ ಮರ್ಯಾದೆ ಪಡೆಯುತ್ತಿರುವ, ಗುಂಡಗಿನ, ತೆಳುಸಿಪ್ಪೆಯ, ತಿಳಿಹಸುರಿನ ಮೈಮೇಲೆ ಬಿಳಿಯ ಗೀರುಗಳುಳ್ಳ ಆ ಬದನೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ರುಚಿಯೊಂದನ್ನೇ ನಂಬಿ ಯಾವ ನೋಂದಣಿಯ ಕಚೇರಿಯೂ ಯಾರಿಗೂ ಪತ್ರ ಬರೆದುಕೊಡುವುದಿಲ್ಲ. ಕಾಯಿಯ ಆಕಾರವೇನು, ಬಣ್ಣವೇನು, ತೊಟ್ಟಿನ ಮುಳ್ಳೆಂತಹದು, ಬೆಳೆಯುವ ನೆಲದ ಎಲ್ಲೆ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನೆಲ್ಲ ಬರಹದಲ್ಲಿ ಒಪ್ಪಿಸಿದ ಮೇಲೆಯೇ ಆ ಮಾನ್ಯತೆ ಬಂತು. ಅನ್ಯ ಊರುಗಳ ಗುಳ್ಳವು ಮಟ್ಟುವಿನ ಹೆಸರನ್ನು ಹೊತ್ತು ಸಂತೆಯಲ್ಲಿ ಕುಳಿತುಕೊಳ್ಳುತ್ತಿದ್ದುದರಿಂದ ಬೆಳೆಗಾರರು ಕಾಯಿಯ ಮೇಲೆ ಗುರುತಿನ ಚೀಟಿಯನ್ನು ಅಂಟಿಸಿ ಮಾರಲು ಮೊದಲುಮಾಡಿದರು. ತಲೆತಲಾಂತರದಿಂದ ನಾಲಗೆಯ ಸಾಕ್ಷ್ಯವೊಂದರಿಂದಲೇ ಬಾಳಿದ ವಸ್ತುವಿಗೂ ಕಾಗದದ ಸಾಕ್ಷ್ಯ ಬೇಕಾಗುವ ಕಾಲ ಇದು.

ಬದನೆಯ ಮಾತನ್ನು ಇಲ್ಲಿಗೆ ಬಿಟ್ಟು, ಇದೇ ಪ್ರಶ್ನೆಯನ್ನು ನಮ್ಮ ಮಣ್ಣು, ಕಲ್ಲು, ನಾರುಗಳ ವಿಷಯದಲ್ಲಿ ಎತ್ತಬೇಕೆಂಬುದು ಈ ಸಂಜೆಯ ಉದ್ದೇಶ. ಡಾಕ್ಟರ್ ಟಿ. ಎಂ. ಎ. ಪೈಯವರು 1953ರಲ್ಲಿ ವೈದ್ಯಕೀಯ ಕಾಲೇಜನ್ನೂ 1957ರಲ್ಲಿ ಎಂಜಿನಿಯರಿಂಗ್ ಕಾಲೇಜನ್ನೂ ಸ್ಥಾಪಿಸಿದ ಮಣಿಪಾಲದ ಗುಡ್ಡವು ತಾನೇ ಒಂದು ಕೆಂಪುಕಲ್ಲಿನ ದಿಬ್ಬ. ದಕ್ಷಿಣಕ್ಕೆ ಸುರತ್ಕಲ್ಲಿನಲ್ಲಿ 1960ರಲ್ಲಿ ಆರಂಭವಾದ ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು ಇಂದು ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಗಿದೆ. ಪೂರ್ವಕ್ಕೆ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ 1986ರಿಂದ ಮತ್ತೊಂದು ಕಾಲೇಜು ನಡೆದುಬಂದಿದೆ. ಒಂದು ಸಣ್ಣ ಕರಾವಳಿಯ ಪಟ್ಟಿಯಲ್ಲಿ ಇಷ್ಟು ಪ್ರಯೋಗಶಾಲೆಗಳು ಒಟ್ಟಿಗೆ ಇರುವುದು ನಮ್ಮ ಭಾಗ್ಯವೆಂದೇ ಹೇಳಬೇಕು. ಈ ಶಾಲೆಗಳಲ್ಲಿ ತೆಂಗಿನ ನಾರು, ಅಡಿಕೆಯ ಸಿಪ್ಪೆ, ಹಾರುಬೂದಿ, ಜೇಡಿಮಣ್ಣು ಇವುಗಳನ್ನು ಕುರಿತು ಪ್ರತಿವರ್ಷವೂ ಪ್ರಬಂಧಗಳು ಹುಟ್ಟುತ್ತಿವೆ. ಪ್ರಬಂಧಗಳಿಗೆ ಕೊರತೆಯಿಲ್ಲ, ಅವುಗಳಲ್ಲಿರುವ ಅಂಕಿಗಳನ್ನು ನಂಬಿ ಒಬ್ಬ ಮೇಸ್ತ್ರಿಯಾಗಲಿ ಒಂದು ಕಾರ್ಖಾನೆಯಾಗಲಿ ಹಣ ಹೂಡುವಂತಾಗಿದೆಯೇ ಎಂಬುದಷ್ಟೇ ನನ್ನ ಸಂದೇಹ.

ಮೊದಲು ಕೆಂಪುಕಲ್ಲನ್ನೇ ತೆಗೆದುಕೊಳ್ಳೋಣ. 1801ರಲ್ಲಿ ಈ ದಾರಿಯಾಗಿ ಹಾದುಹೋದ ಫ್ರಾನ್ಸಿಸ್ ಬುಕಾನನ್ ಎಂಬ ಪ್ರವಾಸಿಯು ಮಲಬಾರಿನ ಅಂಗಡಿಪುರದಲ್ಲಿ ಇದೇ ಜಾತಿಯ ಕಲ್ಲನ್ನು ಕಂಡು, 1807ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ನಾಮಕರಣ ಮಾಡಿದನು. ಇಂದು ಜಗತ್ತಿನ ಭೂವಿಜ್ಞಾನಿಗಳೆಲ್ಲ ಆ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಲಕ್ಷಾಂತರ ವರ್ಷಗಳ ಮಳೆಯು ಶಿಲೆಯೊಳಗಣ ಸುಲಭದ್ರಾವ್ಯ ಅಂಶಗಳನ್ನೆಲ್ಲ ತೊಳೆದೊಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಆಕ್ಸೈಡುಗಳನ್ನು ಮಾತ್ರ ಉಳಿಸಿದುದರ ಫಲ ಈ ಕಲ್ಲು. ಕೋರೆಗೆ ಇಳಿದು ನೋಡಿದವರು ಬಲ್ಲರು: ಮೇಲಿನ ಹಾಸು ಗಟ್ಟಿ, ಕಡುಗೆಂಪು, ರಂಧ್ರಗಳು ಒಂದರೊಡನೊಂದು ಕೂಡಿಕೊಂಡವು, ಕೆಳಗಿಳಿದಂತೆ ಹಳದಿ ಬೆರೆತು, ಮೆದುವಾಗಿ, ಕೊನೆಗೆ ಬೆರಳಿಗೆ ಅಂಟುವ ಬಿಳಿಯ, ಗುಲಾಬಿಯ ಮಣ್ಣೇ ಆಗಿಬಿಡುತ್ತದೆ. ಒಂದೇ ಕೋರೆಯ, ಒಂದೇ ಲಾರಿಯಲ್ಲಿ ಬಂದ ಎರಡು ಕಲ್ಲುಗಳಲ್ಲಿ ಒಂದು ತಟ್ಟಿದರೆ ಠಣ್ಣೆನ್ನುತ್ತದೆ, ಮತ್ತೊಂದು ಮೂಲೆಯಲ್ಲಿ ಉದುರುತ್ತದೆ. ಈ ಕಲ್ಲಿಗಾಗಿ ನಮ್ಮ ದೇಶದಲ್ಲಿ ಮಾನಕವೊಂದುಂಟು. ಅದರ ಸಂಖ್ಯೆ 3620, ಪರಿಷ್ಕೃತವಾದದ್ದು 1979ರಲ್ಲಿ. ಚದರ ಮಿಲಿಮೀಟರಿಗೆ 3.5 ನ್ಯೂಟನ್ನಿಗೆ ಕಡಮೆಯಿಲ್ಲದ ಭಾರವನ್ನು ಕಲ್ಲು ತಾಳಬೇಕು, ತನ್ನ ತೂಕದ ನೂರಕ್ಕೆ 12 ಪಾಲಿಗಿಂತ ಹೆಚ್ಚು ನೀರನ್ನು ಹೀರಬಾರದು ಎಂದು ಅದು ವಿಧಿಸುತ್ತದೆ. ವಿಧಿಯೇನೋ ಸರಿ. ಆದರೆ ಮನೆ ಕಟ್ಟಿಸುವ ನಮ್ಮಲ್ಲಿ ಎಷ್ಟು ಮಂದಿ ಕಲ್ಲನ್ನು ಇಪ್ಪತ್ತನಾಲ್ಕು ಗಂಟೆ ನೀರಿನಲ್ಲಿ ಮುಳುಗಿಸಿ, ಒರಸಿ, ತೂಗಿ ನೋಡಿದ್ದೇವೆ? ಮೇಸ್ತ್ರಿಯ ಸುತ್ತಿಗೆಯ ಸದ್ದೇ ನಮ್ಮ ಮಾನಕ. ಆ ಸದ್ದು ಬಹಳ ಸಲ ಸತ್ಯವನ್ನೇ ಹೇಳುತ್ತದೆಂಬುದನ್ನೂ ಒಪ್ಪಿಕೊಳ್ಳೋಣ. ಕಷ್ಟವಿರುವುದು ಆ ಕಿವಿಯ ಜ್ಞಾನವು ಒಂದು ಊರಿನಿಂದ ಮತ್ತೊಂದು ಊರಿಗೆ, ಒಂದು ತಲೆಮಾರಿನಿಂದ ಮತ್ತೊಂದಕ್ಕೆ ದಾಟದೆ ಉಳಿಯುವುದರಲ್ಲಿ.

ಆ ಕೆಂಪುಹಾಸಿನ ಅಡಿಯಲ್ಲಿ ಸಿಗುವ ಮಣ್ಣಿಗೆ ನಮ್ಮಲ್ಲಿ ಶೇಡಿಮಣ್ಣೆಂದು ಹೆಸರು. ಒಣಗಿದ್ದಾಗ ನೆಟ್ಟಗೆ ನಿಲ್ಲುವ ಇದು ಆಷಾಢದ ಮಳೆಗೆ ನೆನೆದೊಡನೆ ಬಲಗುಂದಿ ಜಾರುತ್ತದೆ. ಕೊಂಕಣ ರೈಲುಮಾರ್ಗಕ್ಕಾಗಿ, ಹೆದ್ದಾರಿಗಾಗಿ ಗುಡ್ಡ ಕಡಿದ ಕಡೆಗಳಲ್ಲಿ ಪ್ರತಿ ಮಳೆಗಾಲವೂ ಇದರ ಪ್ರತಾಪವನ್ನು ನಾವು ಪತ್ರಿಕೆಗಳಲ್ಲಿ ಓದುತ್ತೇವೆ. ಸುಣ್ಣ, ಸಿಮೆಂಟು, ನಾರು, ಬೂದಿಗಳನ್ನು ಬೆರಸಿ ಇದನ್ನು ಸ್ಥಿರಗೊಳಿಸುವ ಪ್ರಯತ್ನಗಳು ನಮ್ಮ ಕಾಲೇಜುಗಳಲ್ಲಿ ಬಹುಕಾಲದಿಂದ ನಡೆಯುತ್ತಿವೆ. ಇದರಲ್ಲಿ ಪ್ರಧಾನವಾದ ಖನಿಜವು ಕೇಯೊಲಿನೈಟ್. ಅಂತಹ ಜೇಡಿಯನ್ನು ಸುಮಾರು 700ರಿಂದ 850 ಡಿಗ್ರಿಯ ಕಾವಿನಲ್ಲಿ ಸುಟ್ಟರೆ ಅದು ಸುಣ್ಣದೊಡನೆ ಕೂಡಿ ಗಟ್ಟಿಯಾಗುವ ಗುಣವನ್ನು ಪಡೆಯುತ್ತದೆಂಬುದನ್ನು ಆಧಾರವಾಗಿಟ್ಟುಕೊಂಡು, ಸ್ವಿಟ್ಜರ್ಲೆಂಡ್, ಕ್ಯೂಬಾ, ಭಾರತ ಈ ಮೂರು ದೇಶಗಳ ವಿದ್ವಾಂಸರು ಕೂಡಿ, ಸುಟ್ಟ ಜೇಡಿ ಮತ್ತು ಸುಡದ ಸುಣ್ಣಕಲ್ಲಿನ ಪುಡಿಯನ್ನು ಬೆರಸಿದ ಹೊಸ ಸಿಮೆಂಟನ್ನು ರೂಪಿಸಿದರು. ಅದಕ್ಕೆ 2023ರಲ್ಲಿ ಭಾರತೀಯ ಮಾನಕವೂ ಹೊರಬಿದ್ದಿತು. ಹೆದ್ದಾರಿಗೆ ಕಂಟಕವಾದ ಮಣ್ಣೇ ಸಿಮೆಂಟಿಗೆ ಸಾಮಗ್ರಿಯಾದೀತೆ? ಆದೀತೆಂದು ಆಶೆಪಡಬಹುದು, ಆದರೆ ಪ್ರತಿಯೊಂದು ಗುಡ್ಡದ ಮಣ್ಣನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ, ಅದರಲ್ಲಿ ಕೇಯೊಲಿನೈಟ್ ಎಷ್ಟು, ಮರಳೆಷ್ಟು, ಕಬ್ಬಿಣವೆಷ್ಟು ಎಂದು ದಾಖಲಿಸದೆ ಈ ಮಾತನ್ನು ಸಭೆಯಲ್ಲಿ ಆಡಬಾರದು.

ಸಿಮೆಂಟನ್ನು ಕುರಿತು ಇಷ್ಟೇಕೆ ಚಿಂತೆಯೆಂದು ಕೆಲವರು ಕೇಳಬಹುದು. ನೂರು ಕಿಲೋ ಶುದ್ಧ ಸುಣ್ಣಕಲ್ಲನ್ನು ಸುಟ್ಟರೆ 56 ಕಿಲೋ ಸುಣ್ಣ ಉಳಿದು 44 ಕಿಲೋ ಇಂಗಾಲಾಮ್ಲವಾಯು ಆಕಾಶಕ್ಕೆ ಸೇರುತ್ತದೆ. ಇದು ಯಾವ ಎಂಜಿನಿಯರನ ಜಾಣತನಕ್ಕೂ ಬಗ್ಗದ ರಸಾಯನದ ಲೆಕ್ಕ. ಅದರ ಮೇಲೆ, ಗೂಡನ್ನು 1450 ಡಿಗ್ರಿಯವರೆಗೆ ಕಾಯಿಸಲು ಉರಿಸಿದ ಕಲ್ಲಿದ್ದಲಿನ ಹೊಗೆ ಬೇರೆ. ಆದಕಾರಣ ಸಿಮೆಂಟಿನಲ್ಲಿ ಹೀಗೆ ಗೂಡಿನಲ್ಲಿ ಸುಟ್ಟು ಪಡೆದ ಕ್ಲಿಂಕರಿನ ಪಾಲನ್ನು ತಗ್ಗಿಸಿ ಬೇರೊಂದು ಪುಡಿಯನ್ನು ಸೇರಿಸುವುದೇ ಸುಲಭೋಪಾಯ. ನಮ್ಮ ಕಾಪು ತಾಲ್ಲೂಕಿನ ಎಲ್ಲೂರಿನಲ್ಲಿ 600 ಮೆಗಾವಾಟಿನ ಎರಡು ಘಟಕಗಳುಳ್ಳ ಉಷ್ಣವಿದ್ಯುತ್ ಸ್ಥಾವರವು ಪರದೇಶದ ಕಲ್ಲಿದ್ದಲನ್ನು ಉರಿಸುತ್ತದೆ. ಅಲ್ಲಿಯ ಹಾರುಬೂದಿಯು ಈ ಕೆಲಸಕ್ಕೆ ಒದಗಬಲ್ಲ ದ್ರವ್ಯ. ಹಾರುಬೂದಿ ಬೆರೆತ ಸಿಮೆಂಟಿನಲ್ಲಿ ನೂರಕ್ಕೆ 15ರಿಂದ 35ರವರೆಗೆ ಬೂದಿ ಇರಬಹುದೆಂದು ಮಾನಕವು ಅನುಮತಿಸುತ್ತದೆ. ಸಿಮೆಂಟೇ ಇಲ್ಲದೆ ಕ್ಷಾರದ್ರಾವಣದಿಂದ ಬೂದಿಯನ್ನು ಗಟ್ಟಿಗೊಳಿಸುವ ಸಂಶೋಧನೆಯೂ ನಡೆದಿದೆ. ಇಲ್ಲಿ ಒಂದು ಮಾತನ್ನು ಮರೆಯದೆ ಹೇಳಬೇಕು. ಬೂದಿಯ ಇಟ್ಟಿಗೆ ಕಂಡೊಡನೆ ಅದಕ್ಕೆ ಪರಿಸರಸ್ನೇಹಿಯೆಂಬ ಬಿರುದನ್ನು ಕೊಡುವ ಉತ್ಸಾಹಿಗಳು, ಆ ಬೂದಿಯನ್ನು ಹುಟ್ಟಿಸಿದ ಬೆಂಕಿಯ ಲೆಕ್ಕವನ್ನು ಯಾರ ಖಾತೆಗೆ ಬರೆಯುತ್ತಾರೆ? ಪೂರ್ತಿ ವಿದ್ಯುತ್ತಿನ ಖಾತೆಗೆ ಬರೆದರೆ ಇಟ್ಟಿಗೆ ನಿರ್ದೋಷಿ. ಸ್ವಲ್ಪಭಾಗವನ್ನು ಬೂದಿಗೂ ಹಂಚಿದರೆ ಲೆಕ್ಕ ಬೇರೆಯೇ ಆಗುತ್ತದೆ. ವಸ್ತುವಿನ ಜೀವನಚಕ್ರವನ್ನು ಅಳೆಯುವ ಅಂತರರಾಷ್ಟ್ರೀಯ ಮಾನಕಗಳು, ಅಂದರೆ 14040ನೆಯದೂ ಅದರ ಜೊತೆಯವೂ, ಈ ಹಂಚಿಕೆಯನ್ನು ಹೇಗೆ ಮಾಡಿದಿರೆಂಬುದನ್ನು ಬಚ್ಚಿಡದೆ ಬರೆಯಿರೆಂದು ಹೇಳುವುದು ಇದಕ್ಕಾಗಿಯೇ. ನಮ್ಮ ಹಿರಿಯರು ಹೊಳೆಯ ಚಿಪ್ಪನ್ನು ಸುಟ್ಟು ಮಾಡುತ್ತಿದ್ದ ಸುಣ್ಣವು ಗೋಡೆಯಲ್ಲಿ ಗಟ್ಟಿಯಾಗುವಾಗ ತಾನು ಬಿಟ್ಟ ವಾಯುವನ್ನು ಮರಳಿ ಹೀರಿಕೊಳ್ಳುತ್ತಿತ್ತೆಂಬುದು ನಿಜ. ಚಿಪ್ಪಿಗಾಗಿ ಹೊಳೆಯ ತಳವನ್ನು ಇಂದು ಯಂತ್ರದಿಂದ ಕೆರೆದರೆ ಆ ಪುಣ್ಯದಲ್ಲಿ ಎಷ್ಟು ಉಳಿಯುತ್ತದೆಂಬುದೂ ಅದೇ ಲೆಕ್ಕಪುಸ್ತಕದ ಪ್ರಶ್ನೆ.

ಇನ್ನು ನಾರು. ತೆಂಗಿನ ಸಿಪ್ಪೆಯನ್ನು ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ, ಬಡಿದು, ಕತ್ತದ ಹಗ್ಗ ಹೊಸೆಯುತ್ತಿದ್ದ ಮನೆಗಳು ಈ ತೀರದಲ್ಲಿ ಬೇಕಾದಷ್ಟಿದ್ದವು. ಲಿಗ್ನಿನ್ ಎಂಬ ಅಂಶ ಅಧಿಕವಾಗಿರುವುದರಿಂದಲೇ ಈ ನಾರು ಉಪ್ಪುನೀರಿಗೆ ಬೇಗನೆ ಸೋಲುವುದಿಲ್ಲ. ಅಡಿಕೆಯ ಸಿಪ್ಪೆಯಾದರೋ ಬಹುಕಾಲ ಅಂಗಳದ ಮೂಲೆಯ ರಾಶಿಯಾಗಿ, ಬಚ್ಚಲ ಒಲೆಯ ಸೌದೆಯಾಗಿ ಮುಗಿದುಹೋಗುತ್ತಿತ್ತು. ಈಗ ಇವೆರಡನ್ನೂ ರಾಳದೊಡನೆ ಬೆರಸಿ, ಅಚ್ಚಿನಲ್ಲಿ ಒತ್ತಿ, ಹಲಗೆಗಳನ್ನೂ ವಾಹನದ ಒಳಹೊದಿಕೆಗಳನ್ನೂ ಮಾಡಬಹುದೆಂದು ಸಂಶೋಧಕರು ತೋರಿಸಿದ್ದಾರೆ. ಸಸ್ಯದ ನಾರು ನೀರನ್ನು ಪ್ರೀತಿಸುತ್ತದೆ, ರಾಳವು ನೀರನ್ನು ದ್ವೇಷಿಸುತ್ತದೆ. ಈ ವಿರೋಧವನ್ನು ತಗ್ಗಿಸಲು ನಾರನ್ನು ಸೋಡಿಯಂ ಹೈಡ್ರಾಕ್ಸೈಡಿನ ತೆಳುವಾದ ದ್ರಾವಣದಲ್ಲಿ ನೆನೆಯಿಟ್ಟು ತೊಳೆಯುವ ಪದ್ಧತಿಯುಂಟು. ಹಾಗೆ ಮಾಡಿದಾಗ ನಾರಿನ ಮೈಮೇಲಣ ಮೇಣದಂತಹ ಪದರ ಹೋಗಿ, ಮೈ ಒರಟಾಗಿ, ರಾಳಕ್ಕೆ ಹಿಡಿತ ಸಿಗುತ್ತದೆ. ಹೊತ್ತು ಮೀರಿದರೆ ನಾರೇ ಸವೆಯುತ್ತದೆ.

ಈಗ ಕಷ್ಟವನ್ನು ಗಮನಿಸಿರಿ. ಒಂದು ಪ್ರಬಂಧದಲ್ಲಿ ಅಡಿಕೆನಾರಿನ ಎಳೆತದ ಬಲ ಇಷ್ಟೆಂದಿರುತ್ತದೆ; ಇನ್ನೊಂದರಲ್ಲಿ ಅದರ ಇಮ್ಮಡಿ. ಇಬ್ಬರೂ ಸುಳ್ಳಾಡಿದವರಲ್ಲ. ಒಬ್ಬರು ಹಣ್ಣಡಿಕೆಯ ಸಿಪ್ಪೆಯನ್ನು ತೆಗೆದುಕೊಂಡರು, ಇನ್ನೊಬ್ಬರು ಕಾಯಡಿಕೆಯದನ್ನು. ಒಬ್ಬರು ನಾರನ್ನು ಒಲೆಯಲ್ಲಿ ಒಣಗಿಸಿದರು, ಇನ್ನೊಬ್ಬರು ಬಿಸಿಲಿನಲ್ಲಿ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಈ ಉಡುಪಿ ಜಿಲ್ಲೆಯಲ್ಲಿ ಶ್ರಾವಣದ ದಿನ ಪರೀಕ್ಷಿಸಿದ ನಾರಿಗೂ ಮಾಘದ ದಿನ ಪರೀಕ್ಷಿಸಿದ ನಾರಿಗೂ ಅಂತರ ಬಾರದಿದ್ದೀತೆ? ಈ ವಿವರಗಳೆಲ್ಲ ವಿದ್ಯಾರ್ಥಿಯ ಟಿಪ್ಪಣಿಯ ಪುಸ್ತಕದಲ್ಲಿ ಉಳಿದು, ಅಂಕಿಯೊಂದೇ ಅಚ್ಚಾಗಿ ಹೊರಗೆ ಬರುತ್ತದೆ. ವಿದ್ಯಾರ್ಥಿ ಪದವಿ ಪಡೆದು ಬೆಂಗಳೂರಿಗೋ ಜರ್ಮನಿಗೋ ಹೋದಮೇಲೆ ಆ ಪುಸ್ತಕವೂ ಹೋಯಿತೆಂದೇ ತಿಳಿಯಬೇಕು.

ದತ್ತಾಂಶದ ಮಾನಕವೆಂದರೆ ಈ ನಷ್ಟವನ್ನು ತಡೆಯುವ ಏರ್ಪಾಡು. ಯಂತ್ರದ ನಕ್ಷೆಯೂ ಅದರ ವಿವರಗಳೂ ಒಂದು ಗಣಕಯಂತ್ರದಿಂದ ಮತ್ತೊಂದಕ್ಕೆ ಅರ್ಥ ಕೆಡದೆ ಸಾಗಬೇಕೆಂದು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ರಚಿಸಿದ 10303ನೆಯ ಮಾನಕದ ಮೊದಲ ಭಾಗಗಳು 1994ರಲ್ಲಿ ಪ್ರಕಟವಾದವು. ಅದರ 45ನೆಯ ಭಾಗವು ಪದಾರ್ಥಗಳ ಗುಣಗಳನ್ನೂ, 235ನೆಯ ಭಾಗವು ಪರೀಕ್ಷೆಯಿಂದ ದೊರೆತ ಗುಣಗಳನ್ನು ಪರೀಕ್ಷೆಯ ಸಂದರ್ಭದೊಡನೆ ದಾಖಲಿಸುವ ಕ್ರಮವನ್ನೂ ನಿರ್ದೇಶಿಸುತ್ತವೆ. ದತ್ತಾಂಶದ ಗುಣಮಟ್ಟಕ್ಕೆಂದೇ 8000 ಎಂಬ ಸಂಖ್ಯೆಯ ಮತ್ತೊಂದು ಮಾಲೆಯುಂಟು. ಇವುಗಳ ಭಾಷೆ ಶುಷ್ಕ; ಓದಿ ರಸಾನುಭವ ಪಡೆಯುವೆನೆಂದು ಹೊರಟವರು ನಿರಾಶರಾಗುವುದು ಖಂಡಿತ. ಆದರೆ ಒಳಗಿನ ವಿವೇಕ ಸರಳವಾದದ್ದು: 3.5 ಎಂಬ ಅಂಕಿ ತಾನಾಗಿ ಏನನ್ನೂ ಹೇಳಲಾರದು. ಯಾವ ಏಕಮಾನ, ಯಾವ ಪರೀಕ್ಷಾವಿಧಿ, ತುಂಡಿನ ಅಳತೆ ಎಷ್ಟು, ಅದು ನೆನೆದಿತ್ತೋ ಒಣಗಿತ್ತೋ, ಎಷ್ಟು ತುಂಡುಗಳನ್ನು ಒಡೆದು ನೋಡಿದಿರಿ, ಅವುಗಳಲ್ಲಿ ಅತಿ ದುರ್ಬಲವಾದದ್ದು ಎಷ್ಟು ತಾಳಿತು ಎಂಬುದೆಲ್ಲವೂ ಆ ಅಂಕಿಯ ಜೊತೆಯಲ್ಲಿಯೇ, ಎಲ್ಲರಿಗೂ ಗೊತ್ತಾದ ಒಂದೇ ಹೆಸರಿನಿಂದ, ಯಂತ್ರವೂ ಓದಬಲ್ಲ ರೂಪದಲ್ಲಿ ಪ್ರಯಾಣ ಮಾಡಬೇಕು. ಪ್ರಯೋಗಶಾಲೆಯಲ್ಲಿ 150 ಮಿಲಿಮೀಟರಿನ ಕಾಂಕ್ರೀಟಿನ ಘನವನ್ನು ಇಪ್ಪತ್ತೆಂಟು ದಿವಸ ನೀರಿನಲ್ಲಿಟ್ಟು ಒತ್ತುಯಂತ್ರದ ನಡುವೆ ಒಡೆಯುವುದನ್ನು ನೋಡಿದವರು ಬಲ್ಲರು: ಒಂದು ಮಂದವಾದ ಶಬ್ದ, ನಾಲ್ಕು ಬದಿಯೂ ಉದುರಿ ನಡುವೆ ಮರಳುಗಡಿಯಾರದ ಆಕೃತಿ, ಯಂತ್ರದ ಮುಳ್ಳು ನಿಂತ ಕಡೆ ಒಂದು ಅಂಕಿ. ಘನವನ್ನು ತಿಪ್ಪೆಗೆ ಎಸೆದಮೇಲೆ ಉಳಿಯುವುದು ಆ ಬರವಣಿಗೆಯೊಂದೇ ಆದುದರಿಂದ, ಬರೆಯುವ ಕೈಗೆ ಒಡೆಯುವ ಯಂತ್ರದಷ್ಟೇ ಜವಾಬ್ದಾರಿ ಬೇಕು.

ಸ್ವದೇಶಿಯ ವಸ್ತುವಿಗೂ ಕಟ್ಟುನಿಟ್ಟಾದ ಮಾನಕಕ್ಕೂ ವೈರವಿದೆಯೆಂದು ಭಾವಿಸುವವರು ನಮ್ಮ ದೇಶದ ಮೊತ್ತಮೊದಲ ಮಾನಕ ಯಾವುದೆಂಬುದನ್ನು ನೆನೆಯಬೇಕು. 1947ರಲ್ಲಿ ಸ್ಥಾಪಿತವಾದ ಭಾರತೀಯ ಮಾನಕ ಸಂಸ್ಥೆಯು 1951ರಲ್ಲಿ ಒಂದನೆಯ ಸಂಖ್ಯೆಯನ್ನು ಕೊಟ್ಟದ್ದು ಉಕ್ಕಿಗಲ್ಲ, ಸಿಮೆಂಟಿಗಲ್ಲ, ರಾಷ್ಟ್ರಧ್ವಜಕ್ಕೆ. ಕೈಯಿಂದ ನೂತ ಖಾದಿಯ ಎಳೆ, ತೂಕ, ಬಣ್ಣ, ಬಿಸಿಲಿಗೆ ಆ ಬಣ್ಣ ನಿಲ್ಲುವ ಶಕ್ತಿ ಎಲ್ಲವನ್ನೂ ಆ ಮಾನಕ ಗೊತ್ತುಪಡಿಸಿತು. ಧಾರವಾಡದ ಗರಗದ ನೇಯ್ಗೆಗೂ ಹುಬ್ಬಳ್ಳಿಯ ಬೆಂಗೇರಿಯ ಖಾದಿ ಸಂಘಕ್ಕೂ ಧ್ವಜದ ಕೀರ್ತಿ ಬಂದದ್ದು ಆ ಅಗ್ನಿಪರೀಕ್ಷೆಯನ್ನು ದಾಟಿದುದರಿಂದಲೇ. ನಮ್ಮ ಕಡೆಯ ಅಕ್ಕಿಮುಡಿಯನ್ನೂ ಇದೇ ದೃಷ್ಟಿಯಿಂದ ನೋಡಬಹುದು. ಬೈಹುಲ್ಲನ್ನು ಹರಡಿ, ಅಕ್ಕಿ ಸುರಿದು, ಹುಲ್ಲಿನ ಹಗ್ಗದಿಂದ ಸುತ್ತಿ ಸುತ್ತಿ ಬಿಗಿದು ಮಾಡಿದ ಮುಡಿಯು ಏಕಕಾಲಕ್ಕೆ ಚೀಲವೂ ಹೌದು, ಅಳತೆಯೂ ಹೌದು; ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ, ಒಟ್ಟು 42 ಸೇರು. ಗೇಣಿಯ ಲೆಕ್ಕವೆಲ್ಲ ಅದರಲ್ಲಿಯೇ ನಡೆಯುತ್ತಿತ್ತು. ಸೇರಿನ ಗಾತ್ರವೇ ಊರಿಂದೂರಿಗೆ ಬೇರೆಯಾಗಿದ್ದುದರಿಂದ ಎಷ್ಟೋ ತಕರಾರುಗಳಾದವು; 1956ರ ಕಾಯಿದೆಯ ತರುವಾಯ ಕಿಲೋಗ್ರಾಮು ಬಂದಮೇಲೆ ಆ ಜಗಳಗಳಿಗೆ ಆಧಾರ ತಪ್ಪಿತು.

ಕಟ್ಟಕಡೆಗೆ, ಈ ಮಾತುಗಳೆಲ್ಲ ಇಂದೇ, ಇಲ್ಲಿಯೇ ಜೀವನೋಪಾಯದ ಪ್ರಶ್ನೆಯಾಗಿ ನಿಂತಿರುವ ಒಂದು ವಸ್ತುವಿನ ಕಡೆಗೆ ಬರುತ್ತೇನೆ. ಅದು ಅಡಿಕೆಯ ಹಾಳೆ. ಗದ್ದೆಯಲ್ಲಿ ದುಡಿಯುವವರ ತಲೆಗೆ ಮುಟ್ಟಾಳೆಯಾಗಿ, ಎಳೆಗೂಸಿನ ಸ್ನಾನಕ್ಕೆ ಹಾಸಿಗೆಯಾಗಿ, ನೀರೆತ್ತುವ ಪಾತ್ರೆಯಾಗಿ ನಮ್ಮೊಡನೆ ಬಾಳಿದ ಇದು ಈಚಿನ ಕೆಲವು ದಶಕಗಳಲ್ಲಿ ಊಟದ ತಟ್ಟೆಯಾಗಿ ಸಮುದ್ರವನ್ನು ದಾಟಿತು. ತಾನಾಗಿ ಉದುರಿದ ಹಾಳೆಯನ್ನು ಹೆಕ್ಕಿ, ತೊಳೆದು, ನೆನೆಯಿಟ್ಟು, ಕಾದ ಅಚ್ಚಿನ ನಡುವೆ ಒತ್ತಿದರೆ ತಟ್ಟೆ ಸಿದ್ಧ. ಅಂಟಿಲ್ಲ, ಬಣ್ಣವಿಲ್ಲ, ಮರ ಕಡಿಯುವ ಪಾಪವಿಲ್ಲ. ಸುಸ್ಥಿರ ವಸ್ತುವಿಗೆ ಇದಕ್ಕಿಂತ ಶುದ್ಧವಾದ ಉದಾಹರಣೆ ಸಿಗಲಾರದೆಂದು ನಾವೆಲ್ಲ ನಂಬಿದ್ದೆವು. ಹೀಗಿರಲಾಗಿ 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಅಡಿಕೆ ಮರದ ಸಹಜವಾದ ಆಲ್ಕಲಾಯ್ಡುಗಳು ತಟ್ಟೆಯಿಂದ ಆಹಾರಕ್ಕೆ ಇಳಿಯಬಹುದೆಂದೂ, ಇಂತಹ ತಟ್ಟೆಗಳು ನಿರಪಾಯಕರವೆಂದು ಅಂಗೀಕೃತವಾದ ವಸ್ತುಗಳ ಸಾಲಿಗೆ ಸೇರುವುದಿಲ್ಲವೆಂದೂ ಪ್ರಕಟಿಸಿತು. ಇದನ್ನು ಕೇಳಿ ಕೋಪಗೊಂಡವರು ಅನೇಕರು. ಹಾಳೆಯಲ್ಲಿ ಉಂಡ ನಮ್ಮ ಅಜ್ಜಂದಿರು ತೊಂಬತ್ತು ವರ್ಷ ಬಾಳಲಿಲ್ಲವೇ ಎಂಬ ಪ್ರತ್ಯುತ್ತರವೂ ಕೇಳಿಬಂತು. ಈ ಉತ್ತರ ನನ್ನ ಮನಸ್ಸಿಗೂ ಹಿತವಾದದ್ದೇ, ಆದರೆ ಬಂದರಿನ ಅಧಿಕಾರಿಯ ಮೇಜಿನ ಮೇಲೆ ಅದು ಒಂದು ಕಾಗದವಾಗಿ ನಿಲ್ಲಲಾರದು.

ನಿಲ್ಲಬಲ್ಲ ಕಾಗದ ಯಾವುದು? ಅಡಿಕೆಯ ಕಾಯಿಯಲ್ಲಿರುವ ಅರೆಕೊಲೀನ್ ಹಾಳೆಯಲ್ಲಿ ಉಂಟೇ, ಉಂಟಾದರೆ ಎಷ್ಟು. ಹಸಿ ಹಾಳೆಯಲ್ಲಿ ಎಷ್ಟು, ನೆನೆಯಿಟ್ಟು ತೊಳೆದಮೇಲೆ ಎಷ್ಟು, ಕಾದ ಅಚ್ಚಿನಿಂದ ಹೊರಬಂದಮೇಲೆ ಎಷ್ಟು. ಅದರಲ್ಲಿ ಎಷ್ಟು ಪಾಲು ಊಟಕ್ಕೆ ಇಳಿಯುತ್ತದೆ. ಪ್ಲಾಸ್ಟಿಕ್ ಪಾತ್ರೆಗಳಿಗಾಗಿ ನಮ್ಮ ಮಾನಕಗಳಲ್ಲಿ ಇಂತಹ ಪರೀಕ್ಷೆಯ ವಿಧಿ ಈಗಾಗಲೇ ಇದೆ: ಆಹಾರಕ್ಕೆ ಬದಲಾಗಿ ಶುದ್ಧನೀರು, ನೂರಕ್ಕೆ ಮೂರು ಪಾಲಿನ ಅಸಿಟಿಕ್ ಆಮ್ಲ, ಮದ್ಯಸಾರ ಬೆರೆತ ನೀರು ಇವುಗಳನ್ನು ಗೊತ್ತಾದ ಕಾವಿನಲ್ಲಿ, ಗೊತ್ತಾದ ಹೊತ್ತು ವಸ್ತುವಿಗೆ ತಾಗಿಸಿ, ಏನು ಇಳಿದಿದೆಯೆಂದು ಅಳೆಯುವುದು. ಹಾಳೆಗೂ ಅದನ್ನೇ ಮಾಡಬಹುದು. ಅದರ ಜೊತೆಗೆ ನಮ್ಮ ಕುದಿಯುವ ಪುನರ್ಪುಳಿ ಸಾರನ್ನೂ ಹೊಯ್ದು ನೋಡುವುದು ಮೇಲು, ಏಕೆಂದರೆ ಪ್ರಯೋಗಶಾಲೆಯ ಆಮ್ಲವನ್ನು ಯಾರೂ ಉಣ್ಣುವುದಿಲ್ಲ. ಕಾರ್ಕಳದ ಹಾಳೆ, ತೀರ್ಥಹಳ್ಳಿಯ ಹಾಳೆ, ಸುಳ್ಯದ ಹಾಳೆ ಬೇರೆಬೇರೆಯಾಗಿ. ಬೇಸಗೆಯಲ್ಲಿ ಉದುರಿದ್ದು, ಮಳೆಗಾಲದಲ್ಲಿ ಉದುರಿ ಬೂಸಲು ಹಿಡಿದದ್ದು ಬೇರೆಬೇರೆಯಾಗಿ. ತೋಟಬೆಳೆಗಳ ಸಂಶೋಧನೆಗೆ ಕಾಸರಗೋಡಿನಲ್ಲಿ, ವಿಟ್ಲದಲ್ಲಿ ಕೇಂದ್ರಗಳಿವೆ. ಮಣಿಪಾಲದಲ್ಲಿ ಎಂಜಿನಿಯರಿಂಗ್ ಕಾಲೇಜೂ ಔಷಧವಿಜ್ಞಾನದ ಕಾಲೇಜೂ ಒಂದೇ ಊರಿನಲ್ಲಿವೆ. ಅವರು ಪಡೆದ ಅಂಕಿಗಳು ಕೆಟ್ಟದಾಗಿಯೇ ಬಂದರೂ, ಯಾವ ಹಂತದಲ್ಲಿ ಎಷ್ಟು ಹೊತ್ತು ನೆನೆಯಿಟ್ಟರೆ ಅವು ತಗ್ಗುತ್ತವೆಂಬುದು ಅದೇ ಪಟ್ಟಿಯಿಂದ ತಿಳಿಯುವುದರಿಂದ, ಎರಡು ಒತ್ತುಯಂತ್ರಗಳನ್ನಿಟ್ಟುಕೊಂಡು ಸಾಲದ ಕಂತು ಕಟ್ಟುತ್ತಿರುವ ಹಳ್ಳಿಯ ತಟ್ಟೆ ತಯಾರಕನಿಗೆ ಅದು ಈ ಋತುವಿನ ಒಳಗಾಗಿಯೇ ಬೇಕಾಗಿದೆ.